ಗಾಡಿ ಕೇಳಿದ್ದಕ್ಕೆ ಉತ್ತರ: ಸನ್‌ರೂಫಿನ ನೀರು, ಸತ್ತ ಬ್ಯಾಟರಿ, ತಣ್ಣಗಾಗದ ಎಸಿ

ಈ ಸಲ ಬಂದ ಪತ್ರಗಳಲ್ಲಿ ಮಲೆನಾಡಿನವು ಪೂರ್ತಿ ಮಳೆ ನೀರಿನ ಗೋಳು. ಬಯಲುಸೀಮೆಯವು ಬೇಸಿಗೆಯಲ್ಲೇ ಬರೆದವು, ಅಲ್ಲಿ ಎಸಿಯದ್ದೇ ಮಾತು. ಎಲ್ಲದರಲ್ಲೂ ಒಂದು ಸಂಗತಿ ಕಂಡೆ. ಏನನ್ನೂ ಅಳೆದು ನೋಡದೆ ಪಾರ್ಟ್ ಬದಲಾಯಿಸಿದ್ದಾರೆ. ಬ್ಯಾಟರಿ, ಬೀಡಿಂಗ್, ಗ್ಯಾಸ್ ಎಲ್ಲ ಹೊಸದಾಗಿದೆ, ತೊಂದರೆ ಇದ್ದಲ್ಲೇ ಇದೆ. ಕಷ್ಟಪಟ್ಟು ದುಡಿದ ದುಡ್ಡು ಹೀಗೆ ಹೋಗುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಶಿವಮೊಗ್ಗದ ನಮ್ಮ ಶೆಡ್ಡಿನಲ್ಲಿ ಹುಡುಗರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ತೊಂದರೆ ಯಾವಾಗ ಬರುತ್ತದೆ ಅಂತ ಮೊದಲು ಕೇಳಿ. ಆಮೇಲೆ ಮೀಟರ್ (ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್) ಹಿಡಿಯಿರಿ. ಸ್ಪ್ಯಾನರ್ ಕೊನೆಗೆ.

ಪ್ರಶ್ನೆ: ನಮ್ಮದು ಸನ್‌ರೂಫ್ ಇರುವ ಕಾರು, ತಗೊಂಡು ಮೂರು ವರ್ಷ. ಜೂನ್‌ನಲ್ಲಿ ಮಳೆ ಹಿಡಿದಾಗಿನಿಂದ ಎಡಗಡೆ ಮುಂದಿನ ಸೀಟಿನ ಕಾಲಿಡುವ ಜಾಗ ಒದ್ದೆಯಾಗುತ್ತಿದೆ. ಸನ್‌ರೂಫಿನ ರಬ್ಬರ್ ಬೀಡಿಂಗ್ ಬದಲಾಯಿಸಿಕೊಟ್ಟರು, ಪ್ರಯೋಜನ ಆಗಲಿಲ್ಲ. ಈಗ ರಾತ್ರಿ ನಿಲ್ಲಿಸಿದ ಕಾರಿನ ಡೋರ್ ಲಾಕ್ ತಾನಾಗೇ ಟಕ್ ಟಕ್ ಅನ್ನುತ್ತದೆ. ಎರಡಕ್ಕೂ ಸಂಬಂಧ ಇದೆಯಾ ಸರ್?
– ತೀರ್ಥಹಳ್ಳಿ ಕಡೆಯ ಒಬ್ಬ ಮೇಷ್ಟ್ರು

ಉತ್ತರ: ಇರಬಹುದು ಮೇಷ್ಟ್ರೇ, ಎರಡೂ ಒಂದೇ ನೀರಿನ ಕೆಲಸ ಅಂತ ನನ್ನ ಅನುಮಾನ. ಆದರೆ ಅದು ಯಾವ ನೀರು ಅಂತ ಮೊದಲು ಗೊತ್ತುಮಾಡಿಕೊಳ್ಳೋಣ.

ಕಾರಿನೊಳಗೆ ಮೂರು ಥರದ ನೀರು ಬರುತ್ತದೆ. ಒಂದು ಮಳೆಯದ್ದು. ಇನ್ನೊಂದು ಎಸಿಯದ್ದು. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಅದು ಸಣ್ಣ ಪೈಪಿನ ಮೂಲಕ ಕಾರಿನ ಅಡಿಗೆ ತೊಟ್ಟಿಕ್ಕಬೇಕು. ಪೈಪು ಕಟ್ಟಿಕೊಂಡರೆ ನಮ್ಮ ದೇಶದ ಕಾರುಗಳಲ್ಲಿ ಸಾಮಾನ್ಯವಾಗಿ ಎಡಗಡೆ ಮ್ಯಾಟಿಗೇ ಬಂದು ಸೇರುತ್ತದೆ. ಮೂರನೆಯದು ಎಂಜಿನ್ ತಣ್ಣಗಿಡುವ ಕೂಲೆಂಟ್, ಹೀಟರ್ ಕಾಯಿಲ್ ಸೋರಿದರೆ ಬರುವಂಥದ್ದು. ಬೆರಳಿಂದ ಮುಟ್ಟಿ ನೋಡಿ. ಕೂಲೆಂಟ್ ಜಿಡ್ಡು ಜಿಡ್ಡಾಗಿರುತ್ತದೆ, ಬಣ್ಣ ಇರುತ್ತದೆ, ಸಿಹಿ ವಾಸನೆ ಬರುತ್ತದೆ. ಮುಂದಿನ ಗಾಜಿನ ಒಳಮೈಗೆ ಎಣ್ಣೆ ಎಣ್ಣೆ ಮಬ್ಬು ಕಟ್ಟುತ್ತದೆ. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ, ಅದು ವಿಷ. ಎಸಿ ನೀರು ತಿಳಿಯಾಗಿರುತ್ತದೆ, ಬಿಸಿಲಿನ ದಿನವೂ ಎಸಿ ಹಾಕಿದ ಮೇಲೆ ಬರುತ್ತದೆ, ಕಾರಿನ ಅಡಿ ತೊಟ್ಟಿಕ್ಕುವುದು ನಿಂತಿರುತ್ತದೆ. ಮಳೆ ನೀರು ಒಣಗಿದ ಮೇಲೆ ಮಣ್ಣಿನ ಗೆರೆ ಬಿಡುತ್ತದೆ.

ನಿಮ್ಮದು ಮಳೆಯದ್ದೇ ಅಂತ ಇಟ್ಟುಕೊಳ್ಳೋಣ. ಬೀಡಿಂಗ್ ಬದಲಾಯಿಸಿದರೂ ಯಾಕೆ ನಿಲ್ಲಲಿಲ್ಲ? ಸನ್‌ರೂಫಿನ ರಬ್ಬರ್ ಒಂದು ಹನಿಯನ್ನೂ ಬಿಡಬಾರದು ಅಂತ ಮಾಡಿದ್ದೇ ಅಲ್ಲ. ಸ್ವಲ್ಪ ನೀರು ಇಳಿದೇ ಇಳಿಯುತ್ತದೆ ಅಂತ ಗೊತ್ತಿದ್ದು ಗಾಜಿನ ಸುತ್ತ, ಕೆಳಗಡೆ, ಒಂದು ದೋಣಿ ಕೊಟ್ಟಿರುತ್ತಾರೆ. ನಮ್ಮ ಹೆಂಚಿನ ಮನೆಯ ಸೂರಿಗೆ ಇರುತ್ತದಲ್ಲ, ಅದೇ ಥರ. ಆ ದೋಣಿಯ ಮೂಲೆಗಳಲ್ಲಿ ತೂತು, ತೂತಿಗೊಂದು ಸಣ್ಣ ಪೈಪು. ಹೆಚ್ಚಿನ ಕಾರುಗಳಲ್ಲಿ ಇಂಥ ಪೈಪು ನಾಲ್ಕು. ಮುಂದಿನ ಎರಡು ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಇಳಿದು ಡೋರಿನ ಹಿಂಜು ಅಥವಾ ಮಡ್‌ಗಾರ್ಡಿನ ಹತ್ತಿರ ಹೊರಗೆ ಬರುತ್ತವೆ. ಹಿಂದಿನ ಎರಡು ಡಿಕ್ಕಿ ಪಕ್ಕದ ಕಂಬದಲ್ಲಿ ಇಳಿದು ಹಿಂದಿನ ಬಂಪರ್ ಕಡೆ. ಪೈಪು ಕಟ್ಟಿಕೊಂಡಿತು ಅಂದರೆ ದೋಣಿ ತುಂಬಿ ಒಳಗೆ ಚೆಲ್ಲುತ್ತದೆ. ಹಲವು ಸಲ ಅದು ರೂಫ್ ಲೈಟಿನ ಹತ್ತಿರ ಕಾಣುತ್ತದೆ. ಕೆಲವು ಸಲ ಯಾರಿಗೂ ಕಾಣದ ಹಾಗೆ ಕಂಬದೊಳಗೇ ಇಳಿದು ಕಾಲಿನ ಹತ್ತಿರ ಬರುತ್ತದೆ.

ನೋಡುವ ಬಗೆ ಸುಲಭ. ಮಳೆ ಬಿಟ್ಟಾಗ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಸನ್‌ರೂಫ್ ಪೂರ್ತಿ ತೆರೆಯಿರಿ. ಬಟ್ಟೆಯಿಂದ ದೋಣಿಯ ಕಸ ಒರೆಸಿ ತೆಗೆಯಿರಿ. ಟೀ ಲೋಟದಲ್ಲಿ ನೀರು ತಗೊಂಡು ಮುಂದಿನ ಎಡ ಮೂಲೆಗೆ ನಿಧಾನಕ್ಕೆ ಬಿಡಿ. ಮನೆಯವರೊಬ್ಬರು ಕೆಳಗೆ ಕೂತು ನೋಡಲಿ. ಬಿಟ್ಟ ನೀರು ಬೇಗನೆ ಧಾರೆಯಾಗಿ ಕೆಳಗೆ ಬರಬೇಕು. ಮೂಲೆಯಲ್ಲೇ ನಿಂತರೆ ಪೈಪು ಕಟ್ಟಿದೆ. ಸರ್ರನೆ ಇಳಿದು ಹೋಯಿತು ಆದರೆ ಹೊರಗೆ ಬರಲಿಲ್ಲ ಅಂದರೆ ಪೈಪು ಒಳಗೆ ಎಲ್ಲೋ ಕಳಚಿಕೊಂಡಿದೆ, ನೀರು ಕಾರ್ಪೆಟ್ಟಿಗೆ ಹೋಗುತ್ತಿದೆ. ಈ ಎರಡನೆಯದು ಕಂಡರೆ ಅಲ್ಲಿಗೇ ನಿಲ್ಲಿಸಿ. ಕಂಬದ ಪ್ಲಾಸ್ಟಿಕ್ ಬಿಚ್ಚುವುದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಅಲ್ಲೇ ಹಾದುಹೋಗಿರುತ್ತದೆ.

ಕಟ್ಟಿಕೊಂಡಿದ್ದರೆ ಬಿಡಿಸಲು ಒಳ್ಳೆಯ ಸಾಮಾನು ನಿಮ್ಮೂರಲ್ಲೇ ಇದೆ. ಅಡಿಕೆ ತೋಟದ ಕಳೆ ಹೊಡೆಯುವ ಮಷೀನಿಗೆ ಹಾಕುವ ನೈಲಾನ್ ದಾರ. ತುದಿಯನ್ನು ಬೆಂಕಿಗೆ ಸ್ವಲ್ಪ ಹಿಡಿದು ಉರುಟು ಮಾಡಿ ಮೇಲಿಂದ ಮೆಲ್ಲಗೆ ತಳ್ಳಿ. ಬ್ರೇಕ್ ಕೇಬಲ್, ಕಬ್ಬಿಣದ ತಂತಿ ಹಾಕಬೇಡಿ, ಪೈಪು ತೂತಾಗುತ್ತದೆ. ವಾಟರ್ ಸರ್ವಿಸ್‌ನವರ ಹತ್ತಿರ ಗಾಳಿ ಹೊಡೆಸುವುದೂ ಬೇಡ. ಜೋರು ಗಾಳಿಗೆ ಪೈಪು ಮೇಲಿನ ಕೊಳವೆಯಿಂದ ಕಳಚಿ ಬಿದ್ದ ಗಾಡಿಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ಮಲೆನಾಡಿನಲ್ಲಿ ನಾನು ಹೆಚ್ಚಾಗಿ ನೋಡುವುದು ಕೊಳೆತ ಹೂವು, ಎಲೆಚೂರು, ಪೈಪಿನ ಕೆಳತುದಿಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು. ಹಾಗಾಗಿ ಕೆಳತುದಿಯನ್ನೂ ನೋಡಿ.

ಇನ್ನೊಂದು ಮಾತು. ನಿಮ್ಮ ಮನೆಯ ಅಂಗಳ ಇಳಿಜಾರಾ? ಮೂತಿ ಕೆಳಗಾಗಿ ನಿಲ್ಲಿಸುತ್ತೀರಿ ಅಂದರೆ ಎಲ್ಲ ನೀರೂ ಮುಂದಿನ ಎರಡು ಪೈಪಿನ ಮೇಲೇ ಬೀಳುತ್ತದೆ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದ್ದರೂ ನೀರು ಬ್ಲೋವರ್ ದಾರಿಯಲ್ಲಿ ಒಳಗೆ ಬರುತ್ತದೆ. ಬಾನೆಟ್ ಎತ್ತಿ ಅದನ್ನೂ ಒಮ್ಮೆ ಬಾಚಿ ತೆಗೆಯಿರಿ.

ಈಗ ಡೋರ್ ಲಾಕ್. ಕಾರ್ಪೆಟ್ಟಿನ ಅಡಿ ದಪ್ಪ ಸ್ಪಂಜು ಇರುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಅದು ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ವೈರಿಂಗ್ ಕಟ್ಟು, ವೈರುಗಳನ್ನು ಜೋಡಿಸುವ ಕಪ್ಲರ್‌ಗಳು ಹೋಗುವುದು ಅದರ ಪಕ್ಕದಲ್ಲೇ. ಲಾಕ್, ಒಳಗಿನ ಲೈಟು, ಇಂಡಿಕೇಟರ್ ಇವನ್ನೆಲ್ಲ ನಡೆಸುವ ಡಬ್ಬಿಯೂ ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಕೆಳಗೇ. ಕಪ್ಲರ್ ಪಿನ್ನು ಹಸಿರುಗಟ್ಟಿದರೆ ಪಕ್ಕದ ಪಿನ್ನಿಗೆ ಕರೆಂಟ್ ಸೋರುತ್ತದೆ. ಯಾರೋ ಸ್ವಿಚ್ ಒತ್ತಿದರು ಅಂತ ಡಬ್ಬಿ ತಿಳಿಯುತ್ತದೆ, ಲಾಕ್ ಹೊಡೆಯುತ್ತದೆ. ಇದನ್ನು ತಡಮಾಡಬೇಡಿ. ಸೀಟು ಬಿಚ್ಚಿಸಿ, ಕಾರ್ಪೆಟ್ ಎತ್ತಿಸಿ, ಸ್ಪಂಜನ್ನು ಪೂರ್ತಿ ಒಣಗಿಸಿ, ಕಪ್ಲರ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತೊಳೆಸಿ. ಸೀಟಿನ ಅಡಿ ಹಳದಿ ಕಪ್ಲರ್ ಇದ್ದರೆ ಅದು ಏರ್‌ಬ್ಯಾಗಿನದ್ದು. ಬ್ಯಾಟರಿ ಟರ್ಮಿನಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟೇ ಅದಕ್ಕೆ ಕೈ ಹಾಕಬೇಕು. ‘ಹೊಸ ಡಬ್ಬಿ ಹಾಕೋಣ’ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನೀರು ನಿಲ್ಲದೆ ಹೊಸದನ್ನು ಹಾಕಿದರೆ ಅದೂ ಹೋಗುತ್ತದೆ.

ಪ್ರಶ್ನೆ: ಸನ್‌ರೂಫ್ ಮುಚ್ಚಲು ಒತ್ತಿದರೆ ಮುಕ್ಕಾಲು ಬಂದು ಮತ್ತೆ ತೆರೆದುಕೊಳ್ಳುತ್ತದೆ. ಬ್ಯಾಟರಿ ಬದಲಾಯಿಸಿದ ಮೇಲೆ ಹೀಗೆ. ಮೋಟರ್ ಹೋಗಿದೆ ಅನ್ನುತ್ತಾರೆ.
– ದಾವಣಗೆರೆ

ಉತ್ತರ: ಬ್ಯಾಟರಿ ತೆಗೆದ ಮೇಲೆ ಶುರುವಾಯಿತು ಅಂದಿರಲ್ಲ, ಉತ್ತರ ಅಲ್ಲೇ ಇದೆ. ಗಾಜು ಎಲ್ಲಿದೆ ಅನ್ನುವ ಲೆಕ್ಕ ಮೋಟರಿಗೆ ಮರೆತಿರಬಹುದು. ಕೈ ಸಿಕ್ಕಿಹಾಕಿಕೊಳ್ಳಬಾರದು ಅಂತ ಗಾಜು ಹಿಂದೆ ಸರಿಯುವ ವ್ಯವಸ್ಥೆ ಇದೆ. ಲೆಕ್ಕ ತಪ್ಪಿದರೆ ಅದು ಸುಮ್ಮನೆ ಸುಮ್ಮನೆ ಕೆಲಸ ಮಾಡುತ್ತದೆ. ಹಲವು ಕಾರುಗಳಲ್ಲಿ ಮುಚ್ಚುವ ಸ್ವಿಚ್ಚನ್ನು ಬಿಡದೆ ಒತ್ತಿ ಹಿಡಿದು, ಗಾಜು ಮುಚ್ಚಿ, ಸಣ್ಣಗೆ ಅಲುಗಿ ನಿಲ್ಲುವ ತನಕ ಕಾದರೆ ಲೆಕ್ಕ ಕೂರುತ್ತದೆ. ಕ್ರಮ ಗಾಡಿಯಿಂದ ಗಾಡಿಗೆ ಬೇರೆ, ಜೊತೆಗೆ ಕೊಟ್ಟ ಪುಸ್ತಕ ನೋಡಿ. ಆ ಹೊತ್ತಿನಲ್ಲಿ ಕೆಲವು ಗಾಡಿಗಳಲ್ಲಿ ಹಿಂದೆ ಸರಿಯುವ ರಕ್ಷಣೆ ಇರುವುದಿಲ್ಲ. ಮಕ್ಕಳನ್ನು ಇಳಿಸಿಯೇ ಮಾಡಿ. ಆಮೇಲೂ ಹಾಗೇ ಆದರೆ ಹಳಿಯ ಧೂಳು ಒರೆಸಿ ತೆಳುವಾಗಿ ಗ್ರೀಸ್ ಹಚ್ಚಿಸಿ. ರಬ್ಬರಿಗೆ ಸಿಲಿಕಾನ್ ಮಾತ್ರ. ಎಂಜಿನ್ ಆಯಿಲ್ ಬೇಡ, ಧೂಳು ಅಂಟುತ್ತದೆ, ರಬ್ಬರ್ ಉಬ್ಬುತ್ತದೆ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಮೆಟ್ರೋದಲ್ಲಿ ಆಫೀಸಿಗೆ ಹೋಗುವುದರಿಂದ ಕಾರು ವಾರವಿಡೀ ಬೇಸ್‌ಮೆಂಟಿನಲ್ಲೇ. ಭಾನುವಾರ ತೆಗೆಯಲು ಹೋದರೆ ಸೆಲ್ಫ್ ಹೊಡೆಯುವುದಿಲ್ಲ. ಒಂದೇ ವರ್ಷದಲ್ಲಿ ಎರಡನೇ ಬ್ಯಾಟರಿ. ಕಂಪನಿ ಬ್ಯಾಟರಿಯೇ ಕಳಪೆಯಾ?
– ಒಬ್ಬ ಓದುಗರು, ವಿಜಯನಗರ

ಉತ್ತರ: ಬ್ಯಾಟರಿಯನ್ನು ಬೈಯುವ ಮೊದಲು ಒಂದು ಲೆಕ್ಕ ಮಾಡೋಣ. ಲಾಕ್ ಮಾಡಿ ನಿಲ್ಲಿಸಿದ ಕಾರೂ ಸ್ವಲ್ಪ ಕರೆಂಟ್ ತಿನ್ನುತ್ತದೆ. ಗಡಿಯಾರ, ಲಾಕಿನ ರಿಸೀವರ್, ಅಲಾರಂ ಇಂಥವಕ್ಕೆ. ಅದು 0.05 ಆಂಪ್ ಒಳಗಿದ್ದರೆ ಸರಿ. 24 ಗಂಟೆಗೆ ಗುಣಿಸಿದರೆ ದಿನಕ್ಕೆ 1.2 ಆಂಪ್-ಅವರ್ ಆಯಿತು. ನಿಮ್ಮದು 45 ಆಂಪ್-ಅವರ್ ಬ್ಯಾಟರಿ ಅಂದುಕೊಂಡರೆ ಅರ್ಧಕ್ಕೆ ಇಳಿಯಲು ಎರಡೂವರೆ ವಾರಕ್ಕಿಂತ ಜಾಸ್ತಿ ಬೇಕು. ಈಗ ಎಲ್ಲೋ 0.4 ಆಂಪ್ ಸೋರುತ್ತಿದೆ ಅನ್ನಿ. ದಿನಕ್ಕೆ 9.6. ಎರಡೂವರೆ ದಿನದೊಳಗೆ ಅರ್ಧ, ಐದು ದಿನದೊಳಗೆ ಪೂರ್ತಿ ಖಾಲಿ. ಭಾನುವಾರ ನಿಲ್ಲಿಸಿದ ಕಾರು ಮುಂದಿನ ಭಾನುವಾರ ಹೇಗೆ ಎದ್ದೀತು? ಹೀಗೆ ಪದೇ ಪದೇ ಪೂರ್ತಿ ಖಾಲಿಯಾದರೆ ಹೊಸ ಬ್ಯಾಟರಿಯ ಪ್ಲೇಟೂ ಹಾಳಾಗುತ್ತದೆ. ನಿಮ್ಮ ಎರಡನೇ ಬ್ಯಾಟರಿಗೂ ಇದೇ ಗತಿ ಆಗಿರಬಹುದು.

ಶುರು ಹೀಗೆ ಮಾಡಿ. ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿಗೆ ಬೆಳಿಗ್ಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಹೆಚ್ಚುಕಮ್ಮಿ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಚಾಲೂ ಆದ ಮೇಲೆ 13.8ರಿಂದ 14.5ರ ನಡುವೆ ತೋರಿಸಿದರೆ ಡೈನಮೋ ಚಾರ್ಜ್ ಕೊಡುತ್ತಿದೆ. ಕೆಲವು ಹೊಸ ಗಾಡಿಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಚಾರ್ಜ್ ಕಮ್ಮಿ ಮಾಡುತ್ತದೆ. ಅಂಥದ್ದರಲ್ಲಿ ಹೆಡ್‌ಲೈಟ್, ಬ್ಲೋವರ್ ಹಾಕಿ ನೋಡಬೇಕು.

ಸೋರಿಕೆ ಹುಡುಕುವುದು ತಾಳ್ಮೆಯ ಕೆಲಸ. ನನಗೆ ತುಂಬಾ ಇಷ್ಟದ ಕೆಲಸವೂ ಹೌದು. ಫ್ಯೂಸ್ ಡಬ್ಬಿ ಇರುವ ಕಡೆಯ ಡೋರ್ ತೆರೆದಿಡಿ, ಆದರೆ ಡೋರಿನ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ. ಬಾನೆಟ್ಟಿಗೂ ಹಾಗೇ. ಲಾಕ್ ಮಾಡಿ. ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ, ಹತ್ತಿರ ಇದ್ದರೆ ಗಾಡಿ ಎಚ್ಚರವಾಗೇ ಇರುತ್ತದೆ. ಅರ್ಧ ಗಂಟೆಗಿಂತ ಜಾಸ್ತಿ ಕಾಯಿರಿ. ಈಗಿನ ಕಾರುಗಳ ಕಂಪ್ಯೂಟರ್‌ಗಳು ಒಂದೊಂದಾಗಿ ಮಲಗಲು ಅಷ್ಟು ಹೊತ್ತು ಬೇಕು. ಆಮೇಲೆ ಫ್ಯೂಸ್ ಕೀಳಬೇಡಿ. ಕಿತ್ತು ಹಾಕಿದರೆ ಎಲ್ಲ ಮತ್ತೆ ಎದ್ದು ಕೂರುತ್ತವೆ. ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಸಣ್ಣ ಲೋಹದ ಚುಕ್ಕೆಗಳಿಗೆ ಮೀಟರಿನ ವೈರುಗಳ ತುದಿಯ ಮುಳ್ಳು ತಾಗಿಸಿ. ಸೊನ್ನೆ ಇದ್ದರೆ ಆ ದಾರಿಯಲ್ಲಿ ಕರೆಂಟ್ ಹೋಗುತ್ತಿಲ್ಲ. ಒಂದೆರಡು ಮಿಲಿವೋಲ್ಟ್ ಕಂಡರೂ ಅಲ್ಲಿ ಏನೋ ಎಚ್ಚರ ಇದೆ. ಆ ಫ್ಯೂಸಿಗೆ ಏನೇನು ಸೇರಿದೆ ಅಂತ ಡಬ್ಬಿಯ ಮುಚ್ಚಳದಲ್ಲೇ ಬರೆದಿರುತ್ತದೆ.

ಆದರೆ ಅದಕ್ಕೂ ಮೊದಲು ನೀವು ಹೊರಗಿನಿಂದ ಹಾಕಿಸಿದ್ದು ಏನಿದೆ ನೋಡಿ. ಡ್ಯಾಶ್‌ಕ್ಯಾಮ್, ಜಿಪಿಎಸ್, ದೊಡ್ಡ ಸ್ಕ್ರೀನಿನ ಮ್ಯೂಸಿಕ್ ಸಿಸ್ಟಮ್, ಆ್ಯಂಪ್ಲಿಫೈಯರ್, ಕಾಲ ಹತ್ತಿರದ ಬಣ್ಣದ ಲೈಟು. ಕೀ ತೆಗೆದ ಮೇಲೆ ಸಾಯಬೇಕಾದ ವೈರನ್ನು ಯಾವಾಗಲೂ ಕರೆಂಟ್ ಇರುವ ವೈರಿಗೆ ಸುತ್ತಿ ಟೇಪ್ ಹಾಕಿರುತ್ತಾರೆ. ನಾನು ನೋಡುವ ಸೋರಿಕೆಗಳಲ್ಲಿ ಹೆಚ್ಚಿನವು ಇಂಥವೇ. ಇದ್ದರೆ ಒಂದು ವಾರ ಅದರ ಕಪ್ಲರ್ ಬಿಚ್ಚಿಟ್ಟು ನೋಡಿ.

ಬೇಸ್‌ಮೆಂಟ್ ಅಂದ ಮೇಲೆ ಇಲಿಯನ್ನೂ ಮರೆಯಬೇಡಿ. ಬಾನೆಟ್ ಎತ್ತಿ ಟಾರ್ಚ್ ಹಾಕಿ. ಇಲಿ ಹಿಕ್ಕೆ, ಹತ್ತಿಚೂರು, ಕಚ್ಚಿದ ಗುರುತು ಕಂಡರೆ ಮೀಟರಿಗಿಂತ ಮೊದಲು ವೈರಿಂಗ್ ರಿಪೇರಿ. ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿಕೊಳ್ಳಿ.

ಪ್ರಶ್ನೆ: ಎಡಗಡೆ ಇಂಡಿಕೇಟರ್ ಹಾಕಿದರೆ ಆ ಕಡೆಯ ಹೆಡ್‌ಲೈಟೂ ಅದರ ಜೊತೆ ಮಿಣಮಿಣ ಅನ್ನುತ್ತದೆ, ಬೆಳಕೂ ಕಮ್ಮಿ. ಘಾಟಿಯಲ್ಲಿ ರಾತ್ರಿ ಓಡಿಸಲು ಭಯ. 100 ವಾಟ್ ಬಲ್ಬ್ ಹಾಕಿಸಲಾ ಅಣ್ಣಾ?
– ಸಕಲೇಶಪುರದ ಒಬ್ಬ ಕಾಫಿ ಬೆಳೆಗಾರ್ತಿ

ಉತ್ತರ: ಬೇಡಮ್ಮಾ, ದಯವಿಟ್ಟು ಹಾಕಿಸಬೇಡಿ. ಎರಡು ಲೈಟು ಒಂದರ ಜೊತೆ ಒಂದು ಕುಣಿಯುತ್ತಿವೆ ಅಂದರೆ ಅರ್ಥ್ ಸರಿ ಇಲ್ಲ. ಕರೆಂಟ್ ಬಲ್ಬಿಗೆ ಬಂದ ಹಾಗೆ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗಬೇಕು. ಆ ದಾರಿಯ ಬೋಲ್ಟಿಗೆ ತುಕ್ಕು ಹಿಡಿದರೆ ಕರೆಂಟ್ ಪಕ್ಕದ ಬಲ್ಬಿನ ದಾರಿ ಹಿಡಿಯುತ್ತದೆ. 55 ವಾಟ್ ಬಲ್ಬ್ ನಾಲ್ಕೂವರೆ ಆಂಪ್ ಎಳೆಯುತ್ತದೆ. ತುಕ್ಕಿನಲ್ಲಿ ಅರ್ಧ ಓಮ್ ತಡೆ ಇದ್ದರೂ ಸಾಕು, ಹೆಚ್ಚುಕಮ್ಮಿ 2 ವೋಲ್ಟ್ ಅಲ್ಲೇ ಹೋಯಿತು. ಬೆಳಕು ಮಂಕಾಗದೆ ಇನ್ನೇನಾದೀತು?

ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಹೀಗೆ ಹೇಳಿ. ಹೆಡ್‌ಲೈಟ್ ಹಾಕಿಟ್ಟು ಮೀಟರಿನ ಒಂದು ಮುಳ್ಳನ್ನು ಬಲ್ಬಿನ ಅರ್ಥ್ ಪಿನ್ನಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿಯಲಿ. 0.2 ವೋಲ್ಟ್ ಒಳಗಿದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಬೋಲ್ಟ್ ಬಿಚ್ಚಿ, ಪೇಂಟ್ ಮತ್ತು ತುಕ್ಕನ್ನು ಉಜ್ಜಿ ತೆಗೆದು, ಬಿಗಿದು, ಮೇಲೆ ವ್ಯಾಸಲೀನ್ ಸವರಲಿ. ಲೈಟ್ ಆರಿಸಿ ಕಂಟಿನ್ಯುಟಿ (ವೈರ್ ತುಂಡಾಗಿಲ್ಲವಾ ಅನ್ನುವುದು) ನೋಡಿದರೆ ಸಾಲದು. ಒಂದೇ ಎಳೆ ಉಳಿದ ವೈರೂ ಮೀಟರಿನಲ್ಲಿ ಬೀಪ್ ಅನ್ನುತ್ತದೆ. ಲೋಡ್ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು. 60/55 ವಾಟಿಗೆ ಕೊಟ್ಟ ವೈರಿಗೆ 100 ವಾಟ್ ಹಾಕಿದರೆ ಹೋಲ್ಡರ್ ಕರಗುತ್ತದೆ. ಘಾಟಿಯ ಮಧ್ಯೆ ಪೂರ್ತಿ ಕತ್ತಲಾದರೆ ಏನು ಗತಿ?

ಪ್ರಶ್ನೆ: ಕಾರಿನ ಎಸಿ ಹೈವೇಯಲ್ಲಿ ಚೆನ್ನಾಗಿ ತಣ್ಣಗಿರುತ್ತದೆ. ಊರೊಳಗೆ ಬಂದು ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ಗಾಳಿ. ಗ್ಯಾಸ್ ಕಮ್ಮಿ ಅಂತ ಎರಡು ಸಲ ಹಾಕಿಸಿದೆ. ಎರಡನೇ ಸಲದ ನಂತರ ಇನ್ನೂ ಕೆಟ್ಟಿದೆ.
– ರಾಯಚೂರಿನ ಒಬ್ಬ ವ್ಯಾಪಾರಿ

ಉತ್ತರ: ಹೈವೇಯಲ್ಲಿ ತಣ್ಣಗಿದೆ ಅಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಕೆಲಸ ಮಾಡುತ್ತಿದೆ, ಗ್ಯಾಸೂ ಇದೆ. ಓಡುವಾಗ ಇದ್ದು ನಿಂತಾಗ ಇಲ್ಲದ್ದು ಏನು? ಮುಂದಿನಿಂದ ಬರುವ ಗಾಳಿ. ಎಸಿ ಮಾಡುವ ಕೆಲಸ ಇಷ್ಟೇ: ಒಳಗಿನ ಬಿಸಿಯನ್ನು ಎತ್ತಿ ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ಗೆ ತಂದು ಹೊರಗೆ ಬಿಡುವುದು. ಕಾರು ಓಡುವಾಗ ಗಾಳಿ ತಾನಾಗೇ ಬಡಿಯುತ್ತದೆ. ನಿಂತಾಗ ಅದನ್ನು ಫ್ಯಾನ್ ಎಳೆಯಬೇಕು. ನಿಮ್ಮ ಫ್ಯಾನ್ ತಿರುಗುತ್ತಿಲ್ಲ, ಇಲ್ಲಾ ನಿಧಾನ ಇದೆ, ಇಲ್ಲಾ ಕಂಡೆನ್ಸರ್ ಕಟ್ಟಿದೆ.

ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿ. ಕೈ, ಟವೆಲ್ಲು, ಶಾಲು ಎಲ್ಲ ದೂರ ಇರಲಿ. ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಿರುಗಬೇಕು, ಬಿಸಿ ಏರಿದ ಮೇಲೆ ಜೋರಾಗಬೇಕು. ತಿರುಗುತ್ತಿಲ್ಲ ಅಂದರೆ ಫ್ಯೂಸ್, ರಿಲೇ, ಕಪ್ಲರ್, ಮೋಟರಿನ ಬ್ರಷ್ ಹೀಗೆ ಸರತಿಯಲ್ಲಿ ನೋಡಿಸಿ. ಜೋರು ಸ್ಪೀಡ್ ಮಾತ್ರ ಇದ್ದು ಮೊದಲ ಸ್ಪೀಡ್ ಇಲ್ಲದಿದ್ದರೆ ಹಲವು ಗಾಡಿಗಳಲ್ಲಿ ಕರೆಂಟ್ ತಡೆದು ಸ್ಪೀಡ್ ಕಮ್ಮಿ ಮಾಡುವ ರಿಸಿಸ್ಟರ್ ಹೋಗಿರುತ್ತದೆ.

ಇನ್ನೊಂದು ಪರೀಕ್ಷೆ ಹೇಳುತ್ತೇನೆ, ಖರ್ಚಿಲ್ಲದ್ದು. ಬಿಸಿ ಗಾಳಿ ಬರುತ್ತಿರುವಾಗ ಮುಂದಿನ ಜಾಲರಿಯ ಮೂಲಕ ಕಂಡೆನ್ಸರ್ ಮೇಲೆ ಪೈಪಿನಿಂದ ತೆಳ್ಳಗೆ ನೀರು ಬಿಡಿ. ಒಂದೆರಡು ನಿಮಿಷದಲ್ಲಿ ಒಳಗಿನ ಗಾಳಿ ತಣ್ಣಗಾಯಿತಾ? ಹಾಗಾದರೆ ತೊಂದರೆ ಕಂಡೆನ್ಸರ್ ಕಡೆಯ ಗಾಳಿಯಲ್ಲೇ. ನಿಮ್ಮದು ಹತ್ತಿಯ ಊರು. ಹತ್ತಿ ಲಾರಿಯ ಹಿಂದೆ ಓಡಿಸಿದ ಕಾರುಗಳ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಎಳೆ, ಧೂಳು ಸೇರಿ ಕಂಬಳಿಯಷ್ಟು ದಪ್ಪ ಕೂತಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಬಂಪರ್ ಬಿಚ್ಚಿ ಎರಡರ ನಡುವೆ ತೊಳೆಸಬೇಕು, ಅದೂ ಮೆಲ್ಲಗೆ. ಪ್ರೆಷರ್ ಗನ್ ಹತ್ತಿರ ಹಿಡಿದರೆ ಸಣ್ಣ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿದ್ದರೆ ಇದು ಆವತ್ತೇ ಗೊತ್ತಾಗುತ್ತಿತ್ತು. ಕಾರಿನ ಎಸಿಗೆ ಸಾಮಾನ್ಯವಾಗಿ ಹಾಕುವ ಆರ್-134ಎ ಗ್ಯಾಸಿನಲ್ಲಿ ಸಾಧಾರಣ ಬಿಸಿಲಿಗೆ ಲೋ ಸೈಡ್ (ಕಂಪ್ರೆಸರಿಗೆ ಗ್ಯಾಸ್ ಬರುವ ಕಡೆ) 30ರಿಂದ 45 ಪಿಎಸ್‌ಐ, ಹೈ ಸೈಡ್ (ಕಂಪ್ರೆಸರಿನಿಂದ ಹೊರಡುವ ಕಡೆ) 180ರಿಂದ 250ರ ಆಸುಪಾಸು. ನಿಮ್ಮ ಊರಿನ ಮೇ ಬಿಸಿಲಿಗೆ ಇನ್ನೂ ಸ್ವಲ್ಪ ಏರುತ್ತದೆ. ಎರಡೂ ಕಮ್ಮಿ ಇದ್ದರೆ ಗ್ಯಾಸ್ ಕಮ್ಮಿ ಇರಬಹುದು. ಎರಡೂ ಜಾಸ್ತಿ ಇದ್ದರೆ ಕಂಡೆನ್ಸರ್‌ಗೆ ಗಾಳಿ ಇಲ್ಲ, ಇಲ್ಲಾ ಗ್ಯಾಸ್ ಹೆಚ್ಚಾಗಿದೆ. ಲೋ ಸೈಡ್ ಜಾಸ್ತಿ, ಹೈ ಸೈಡ್ ಕಮ್ಮಿ ಅಂದರೆ ಆಗ ಕಂಪ್ರೆಸರ್ ಮೇಲೆ ಅನುಮಾನ ಪಡಬೇಕು. ನಿಮಗೆ ಫ್ಯಾನ್ ತೊಂದರೆಯ ಮೇಲೆ ಗ್ಯಾಸೂ ಹೆಚ್ಚಾಗಿದೆ ಅಂತ ಕಾಣುತ್ತದೆ. ಅದಕ್ಕೇ ಎರಡನೇ ಸಲದ ನಂತರ ಇನ್ನೂ ಕೆಟ್ಟಿದ್ದು. ಒಳಗಿನ ಒತ್ತಡ ಮಿತಿ ಮೀರಿದಾಗ ಪ್ರೆಷರ್ ಸ್ವಿಚ್ ಕಂಪ್ರೆಸರನ್ನೇ ಕಟ್ ಮಾಡುತ್ತದೆ. ಮೊದಲು ಫ್ಯಾನ್ ಸರಿಮಾಡಿಸಿ. ಆಮೇಲೆ ಇರುವ ಗ್ಯಾಸನ್ನು ಮಷೀನಿನಲ್ಲಿ ವಾಪಸ್ ತೆಗೆಸಿ, ವ್ಯಾಕ್ಯೂಮ್ ಮಾಡಿಸಿ, ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಎಷ್ಟು ಗ್ರಾಂ ಅಂತ ಇದೆಯೋ ಅಷ್ಟನ್ನೇ ತೂಗಿ ಹಾಕಿಸಿ.

ಪ್ರಶ್ನೆ: ಬ್ಲೋವರ್ 4ರಲ್ಲಿ ಮಾತ್ರ ತಿರುಗುತ್ತದೆ, 1, 2, 3ರಲ್ಲಿ ಸತ್ತಿದೆ. ಮೋಟರ್ ಬದಲಾಯಿಸಬೇಕಾ?
– ಹುಬ್ಬಳ್ಳಿ

ಉತ್ತರ: ಬೇಡ. 4ರಲ್ಲಿ ತಿರುಗುತ್ತದೆ ಅಂದರೆ ಮೋಟರ್ ಬದುಕಿದೆ. ಅದರ ರಿಸಿಸ್ಟರ್ ಸುಟ್ಟಿರುತ್ತದೆ, ಸಣ್ಣ ಪಾರ್ಟು. ಆದರೆ ಅದು ಯಾಕೆ ಸುಟ್ಟಿತು ಅಂತಲೂ ನೋಡಿಸಿ. ಎಸಿ ಫಿಲ್ಟರ್ ಧೂಳಲ್ಲಿ ಮುಚ್ಚಿದ್ದರೆ, ಇಲ್ಲಾ ಮೋಟರ್ ಬಿಗಿಯಾಗಿ ಜಾಸ್ತಿ ಕರೆಂಟ್ ಎಳೆಯುತ್ತಿದ್ದರೆ ಹೊಸದೂ ಬೇಗ ಸುಡುತ್ತದೆ.

ಪ್ರಶ್ನೆ: ಪ್ರತಿ ವರ್ಷ ಮಾರ್ಚ್ ಬಂತೆಂದರೆ ಎಸಿ ಗ್ಯಾಸ್ ತುಂಬಿಸಬೇಕು. ಇದು ಮಾಮೂಲಿ ಸರ್ವಿಸ್ಸೇ ಅನ್ನುತ್ತಾರೆ. ಹೌದಾ?
– ಸುರತ್ಕಲ್

ಉತ್ತರ: ಅಲ್ಲ. ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ, ಒಳಗೇ ಸುತ್ತುತ್ತಿರುತ್ತದೆ. ಹಳೆಯ ಗಾಡಿಯಲ್ಲಿ ಹೋಸ್, ರಿಂಗ್‌ಗಳ ಮೂಲಕ ವರ್ಷಗಳ ಮೇಲೆ ಸ್ವಲ್ಪ ಕಮ್ಮಿ ಆದೀತು. ವರ್ಷ ವರ್ಷ ಖಾಲಿಯಾಗುತ್ತಿದೆ ಅಂದರೆ ಎಲ್ಲೋ ತೂತಿದೆ. ಕಡಲ ಕಡೆಯ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಕಂಡೆನ್ಸರ್. ಉಪ್ಪಿನ ಗಾಳಿ ಅಲ್ಯೂಮಿನಿಯಮನ್ನು ತಿನ್ನುತ್ತದೆ, ಕಲ್ಲೇಟೂ ಅದಕ್ಕೇ ಬೀಳುತ್ತದೆ. ಸೋರುವ ಜಾಗದಲ್ಲಿ ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲ್ ಬಂದಿರುತ್ತದೆ. ಟಾರ್ಚ್ ಹಾಕಿ ಜಿಡ್ಡಿನ ಮೇಲೆ ಧೂಳು ಕೂತ ಕಲೆ ಹುಡುಕಿ.

ನಿಮ್ಮ ಮೆಕ್ಯಾನಿಕ್ಕಿಗೆ ಹೇಳಿ: ಗ್ಯಾಸ್ ಹಾಕುವ ಮೊದಲು ನೈಟ್ರೋಜನ್ ತುಂಬಿಸಿ ಒತ್ತಡ ನಿಲ್ಲುತ್ತದಾ ನೋಡಲಿ, ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಲಿ. ವ್ಯಾಕ್ಯೂಮ್ ನಿಂತಿತು ಅಂದ ಮಾತ್ರಕ್ಕೆ ಸೋರಿಕೆ ಇಲ್ಲ ಅನ್ನುವಂತಿಲ್ಲ. ವ್ಯಾಕ್ಯೂಮ್ ಎಳೆಯುವುದು ಒಳಕ್ಕೆ, ಗ್ಯಾಸ್ ಒತ್ತುವುದು ಹೊರಕ್ಕೆ. ಹೊರಗೆ ಎಲ್ಲೂ ಸಿಗದಿದ್ದರೆ ಕೂಲಿಂಗ್ ಕಾಯಿಲ್ ಮೇಲೆ ಅನುಮಾನ. ಗ್ಯಾಸ್ ಗಾಳಿಗಿಂತ ಭಾರ, ಹಾಗಾಗಿ ಎಸಿ ನೀರು ಬೀಳುವ ಪೈಪಿನ ಬಾಯಿಗೆ ಲೀಕ್ ಡಿಟೆಕ್ಟರ್ ಹಿಡಿದರೆ ಡ್ಯಾಶ್‌ಬೋರ್ಡ್ ಬಿಚ್ಚದೆಯೇ ಸುಳಿವು ಸಿಗುತ್ತದೆ. ಕಾಯಿಲ್ ಬದಲಾಯಿಸುವುದು ದೊಡ್ಡ ಖರ್ಚಿನ ಕೆಲಸ, ಈ ಸುಳಿವಿಲ್ಲದೆ ಒಪ್ಪಬೇಡಿ. ಮಳೆಗಾಲದಲ್ಲೂ ಆಗಾಗ ಎಸಿ ಹಾಕಿ. ಕಂಪ್ರೆಸರಿನ ಸೀಲಿಗೆ ಆಯಿಲ್ ತಾಗುತ್ತಿರಬೇಕು.

ಪ್ರಶ್ನೆ: ಟ್ಯಾಕ್ಸಿ ಓಡಿಸುತ್ತೇನೆ. ಅರ್ಧ ರೇಟಿಗೆ ಬೇರೆ ಗ್ಯಾಸ್ ಹಾಕಿಕೊಡುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ, ತುಂಬಾ ತಣ್ಣಗಾಗುತ್ತದಂತೆ. ಹಾಕಿಸಲಾ?
– ಬಳ್ಳಾರಿ

ಉತ್ತರ: ಬೇಡ ತಮ್ಮಾ. ಅಗ್ಗಕ್ಕೆ ಸಿಗುವ ಇಂಥವುಗಳಲ್ಲಿ ಅಡುಗೆ ಗ್ಯಾಸಿನ ಜಾತಿಯವು ಇರುತ್ತವೆ. ತಣ್ಣಗೆ ಮಾಡುವುದು ನಿಜ. ಹತ್ತಿಕೊಳ್ಳುವುದೂ ನಿಜ. ಕೂಲಿಂಗ್ ಕಾಯಿಲ್ ಇರುವುದು ಪ್ಯಾಸೆಂಜರ್ ಕೂರುವ ಜಾಗದಲ್ಲಿ. ಅದು ಸೋರಿದರೆ, ಮುಚ್ಚಿದ ಗಾಜಿನೊಳಗೆ ಯಾರಾದರೂ ಬೀಡಿ ಹಚ್ಚಿದರೆ ಏನಾದೀತು ಯೋಚನೆ ಮಾಡು. ಮುಂದೆ ಸರಿಯಾದ ಕಡೆ ಕೊಂಡುಹೋದರೂ ಬೆರಕೆ ಗ್ಯಾಸ್ ಇದೆ ಅಂತ ಮಷೀನ್ ಹಾಕಲು ಒಪ್ಪುವುದಿಲ್ಲ. ಸ್ಟಿಕ್ಕರಿನಲ್ಲಿ ಬರೆದ ಗ್ಯಾಸ್ ಬಿಟ್ಟು ಬೇರೆ ಹಾಕಿಸಬೇಡ. ಇದ್ದ ಗ್ಯಾಸನ್ನು ಗಾಳಿಗೆ ಬಿಡುವವರ ಹತ್ತಿರವೂ ಹೋಗಬೇಡ. ಒಂದು ಕಿಲೋ ಆರ್-134ಎ ಗಾಳಿಗೆ ಸೇರಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ 1,000 ಕಿಲೋಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಬಳ್ಳಾರಿಯ ಬಿಸಿಲು ಈಗಿರುವುದೇ ಸಾಕಲ್ವಾ?

ಪ್ರಶ್ನೆ: ಐಟಿಐ ಎರಡನೇ ವರ್ಷ. ಕಾರ್ ಎಲೆಕ್ಟ್ರಿಕಲ್ ಕೆಲಸ ಕಲಿಯಬೇಕು. ಸ್ಕ್ಯಾನರ್ ತಗೊಳ್ಳಲು ದುಡ್ಡಿಲ್ಲ. ಏನು ತಗೊಳ್ಳಲಿ ಸರ್?
– ಗದಗ

ಉತ್ತರ: ಸ್ಕ್ಯಾನರ್ ಈಗಲೇ ಬೇಡಪ್ಪಾ. ಅದು ಗಾಡಿಯ ಕಂಪ್ಯೂಟರ್ ಓದಿ ತೊಂದರೆಯ ಕೋಡ್ ಕೊಡುತ್ತದೆ, ಯಾವ ಸರ್ಕ್ಯೂಟಿನಲ್ಲಿ ತೊಂದರೆ ಅಂತ ಬೆರಳು ತೋರಿಸುತ್ತದೆ. ಸೆನ್ಸರ್ ಹೋಗಿದೆಯಾ, ವೈರ್ ತುಂಡಾಗಿದೆಯಾ, ಪಿನ್ ಸಡಿಲಾ ಅಂತ ನೀನೇ ಅಳೆಯಬೇಕು. ಒಂದು ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್ ತಗೋ, ಮಿಲಿವೋಲ್ಟ್ ತೋರಿಸುವಂಥದ್ದು. ಮುಂದೆ ದುಡ್ಡಾದಾಗ ಡಿಸಿ (ಬ್ಯಾಟರಿಯ ಕರೆಂಟ್) ಅಳೆಯುವ ಕ್ಲ್ಯಾಂಪ್ ಮೀಟರ್ ತಗೋ, ವೈರಿನ ಸುತ್ತ ಹಿಡಿದು ಅಳೆಯುವಂಥದ್ದು. ಅಂಗಡಿಯಲ್ಲಿ ಕೇಳಿ ನೋಡಿ ತಗೋ, ಅಗ್ಗದ ಹಲವು ಕ್ಲ್ಯಾಂಪ್‌ಗಳು ಮನೆಯ ಲೈನಿನ ಎಸಿ ಕರೆಂಟ್ ಮಾತ್ರ ತೋರಿಸುತ್ತವೆ. ಬಲ್ಬಿನ ಟೆಸ್ಟ್ ಲ್ಯಾಂಪ್ ಹೆಡ್‌ಲೈಟ್, ಹಾರ್ನ್, ಫ್ಯೂಸಿಗೆ ಸಾಕು. ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಮತ್ತು ಏರ್‌ಬ್ಯಾಗ್ ವೈರಿಗೆ ಅದನ್ನು ಮುಟ್ಟಿಸಬೇಡ. ಅದು ಎಳೆಯುವ ಕರೆಂಟಿಗೆ ಒಳಗಿನ ಸರ್ಕ್ಯೂಟ್ ಸುಡಬಹುದು, ಏರ್‌ಬ್ಯಾಗ್ ಸಿಡಿಯಲೂಬಹುದು.

ಫ್ಯೂಸಿನ ಬಣ್ಣ ಬಾಯಿಪಾಠ ಮಾಡು: 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಸುಟ್ಟ 10ರ ಜಾಗಕ್ಕೆ 20 ಹಾಕುವವನನ್ನು ಕಂಡರೆ ತಡೆ. ಮುಂದಿನ ಸಲ ಸುಡುವುದು ವೈರು. ಆಂಪ್ ಅಳೆದಾದ ಮೇಲೆ ಮೀಟರಿನ ಕೆಂಪು ವೈರನ್ನು ಆಗಲೇ ವೋಲ್ಟ್ ತೂತಿಗೆ ವಾಪಸ್ ಹಾಕುವ ಅಭ್ಯಾಸ ಮಾಡಿಕೋ. ಅದನ್ನು ಆಂಪಿನಲ್ಲೇ ಬಿಟ್ಟು ಬ್ಯಾಟರಿಗೆ ಹಿಡಿದರೆ ನೇರ ಶಾರ್ಟ್, ಮೀಟರಿನ ಫ್ಯೂಸ್ ಹೋಗುತ್ತದೆ. ಫ್ಯೂಸ್ ಇಲ್ಲದ ಅಗ್ಗದ ಮೀಟರಾದರೆ ಮುಳ್ಳು ಕೈಯಲ್ಲೇ ಕರಗುತ್ತದೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ಬಾನೆಟ್ ಎತ್ತುವ ಮೊದಲು ತೆಗೆದು ಜೇಬಿಗೆ ಹಾಕಿಕೋ.